ಪಿತ್ತಕೋಶ ಬೆಳ್ಳಗಾದದ್ದು ಏಕೆ?

ಸಿ.ಟಿ. ಸ್ಕ್ಯಾನ್ ಮಾಡುವಾಗ ರಕ್ತನಾಳಕ್ಕೆ ಚುಚ್ಚುವ ಒಂದು ದ್ರವವನ್ನು ಆಸ್ಪತ್ರೆಗಳಲ್ಲಿ ‘ಡೈ’ ಎನ್ನುತ್ತಾರೆ. ಡೈ ಎಂದರೆ ಬಣ್ಣ ಎಂಬುದು ಎಲ್ಲರಿಗೂ ಗೊತ್ತು. ಹೀಗಾಗಿ ‘ಮೈಯಾಗ ಬಣ್ಣ ಹೊಗಸ್ತಾರಂತ’ ಎಂದು ಅಂಜುವವರು ನಮ್ಮ ಕಡೆ ಬಹಳ. ವಾಸ್ತವವಾಗಿ ಆ ದ್ರವಕ್ಕೆ ಬಣ್ಣವೇ ಇಲ್ಲ. ಬಾಟಲಿಯಲ್ಲಿ ಅದು ನೀರಿನಂತೆ ತಿಳಿಯಾಗಿಯೂ ಎಳೆಯ ಸಕ್ಕರೆ ಪಾಕದಂತೆ ತುಸು ಮಂದವಾಗಿಯೂ ಇರುತ್ತದೆ. ನಮ್ಮ ಕಣ್ಣಿಗೆ ಕಾಣದ ಅದರ ಬಿಳುಪು ಕ್ಷ-ಕಿರಣಕ್ಕೆ ಮಾತ್ರ ಕಾಣುವಂಥದು. ಅದು ರಕ್ತದೊಡನೆ ಎಲ್ಲೆಲ್ಲಿ ಹರಿಯುತ್ತದೋ ಅಲ್ಲೆಲ್ಲ ಚಿತ್ರದಲ್ಲಿ ಬೆಳ್ಳಗೆ ಮೂಡುತ್ತದೆ.

ಒಳಗೆ ಹೋದ ಡೈ ಹೊರಗೆ ಬರಲೇಬೇಕಲ್ಲವೆ? ಸಾಮಾನ್ಯವಾಗಿ ಅದು ಮೂತ್ರದ ದಾರಿಯಲ್ಲಿ ಹೊರಟುಹೋಗುತ್ತದೆ. ಒಮ್ಮೊಮ್ಮೆ ಮಾತ್ರ ಆ ದಾರಿಯ ಜೊತೆಗೆ ಇನ್ನೊಂದು ದಾರಿಯನ್ನೂ ಹಿಡಿಯುತ್ತದೆ. ಈ ಸಂಗತಿ ನಮ್ಮ ಮನೆಮಂದಿಯನ್ನು ಒಂದು ರಾತ್ರಿ ನಿದ್ದೆಗೆಡಿಸಿತು. ಬೇಕಿಲ್ಲದ ಒಂದು ಶಸ್ತ್ರಚಿಕಿತ್ಸೆಯ ಮಾತೂ ಆಗಿಹೋಯಿತು. ಕೊನೆಗೆ ಯಾರ ಗಮನಕ್ಕೂ ಬಾರದಿದ್ದ ಒಂದು ತೊಂದರೆಯನ್ನು ಹೊರಗೆಡಹಿ ನಮಗೆ ಉಪಕಾರವನ್ನೇ ಮಾಡಿತು. ವಿಜ್ಞಾನ ಓದುವ ಮಕ್ಕಳಿಗೂ, ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ತಂದೆತಾಯಿಗಳಿಗೂ ಪ್ರಯೋಜನವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಸೋದರಮಾವನ ಊರು ವಿಜಯಪುರದ ಮಗ್ಗುಲಿನ ಇಟ್ಟಂಗಿಹಾಳ. ಅವನಿಗೆ ಈಗ ಅರವತ್ತೆಂಟು. ನಾಲ್ಕು ಎಕರೆ ದ್ರಾಕ್ಷಿ ಪಡ ಇದೆ. ತಿಕೋಟಾ, ಬಬಲೇಶ್ವರದ ಸೀಮೆಯಲ್ಲಿ ದ್ರಾಕ್ಷಿ ಬೆಳೆದವರ ಬದುಕು ಹೇಗಿರುತ್ತದೆಂಬುದು ನೋಡಿದವರಿಗೇ ಗೊತ್ತು. ಬಳ್ಳಿಗೆ ಟ್ಯಾಂಕರಿನಿಂದಲಾದರೂ ನೀರು ತಂದು ಹಾಕುತ್ತಾರೆ, ತಾವು ಮಾತ್ರ ನೀರು ಕುಡಿಯುವುದನ್ನು ಮರೆಯುತ್ತಾರೆ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ನಾಡಿದು. ಮೈಯ ನೀರೆಲ್ಲ ಬೆವರಾಗಿ ಹೋದರೆ ಮೂತ್ರ ಗಟ್ಟಿಯಾಗುತ್ತದೆ, ಅದರಲ್ಲಿನ ಲವಣ ಹರಳುಗಟ್ಟುತ್ತದೆ. ಮೂತ್ರಪಿಂಡದಲ್ಲಿ ಹರಳು ಇಲ್ಲದ ಮನೆಯನ್ನು ನಮ್ಮ ಕಡೆ ಹುಡುಕಬೇಕು.

ಕಳೆದ ವರ್ಷ ಮೇ ತಿಂಗಳಲ್ಲಿ ಮಾಮಾ ಸೊಲ್ಲಾಪುರದ ಮಗಳ ಮನೆಗೆ ಹೋಗಿದ್ದ. ಅಲ್ಲಿ ಒಂದು ಸೋಮವಾರ ಎಡಪಕ್ಕೆಯಲ್ಲಿ ನೋವು ಎದ್ದು, ವಾಂತಿಯೂ ಆಯಿತು. ಹೊಟ್ಟೆಯಲ್ಲಿ ಬೇರೇನಾದರೂ ಅಪಾಯವಿದೆಯೇ ಎಂದು ತಿಳಿಯಲು ಅಲ್ಲಿನ ವೈದ್ಯರು ಸಂಜೆ ಡೈ ಕೊಟ್ಟು ಸ್ಕ್ಯಾನ್ ಮಾಡಿಸಿದರು. ಎಡ ಮೂತ್ರನಾಳದಲ್ಲಿ ಹರಳೊಂದು ಸಿಕ್ಕಿಕೊಂಡಿದೆ, ಅದನ್ನು ತೆಗೆಯಬೇಕಾಗುತ್ತದೆ ಎಂದರು. ನೋವು ತುಸು ತಗ್ಗಿದ್ದೇ ತಡ, ‘ತೆಗೆಸೂದಾದ್ರ ನಮ್ಮೂರ ಕಡೆನೇ ತೆಗೆಸಿಕೊಳ್ತೀನಿ’ ಎಂದು ಮಾಮಾ ಮರುದಿನವೇ ಬಸ್ಸು ಹತ್ತಿ ಬಂದುಬಿಟ್ಟ. ಬರುವ ಅವಸರದಲ್ಲಿ ಆಸ್ಪತ್ರೆಯ ಕಾಗದಗಳ ಚೀಲ ಮಗಳ ಮನೆಯಲ್ಲೇ ಉಳಿಯಿತು.

ಬುಧವಾರ ನೋವು ಮತ್ತೆ ಎದ್ದಿತು. ವಿಜಯಪುರದ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಹರಳು ಈಗ ಎಲ್ಲಿದೆ ಎಂದು ನೋಡಲು ಸಂಜೆ ಇನ್ನೊಂದು ಸ್ಕ್ಯಾನ್ ಆಯಿತು. ಇದಕ್ಕೆ ಡೈ ಬೇಕಿಲ್ಲ. ಬರಿಯ ಸ್ಕ್ಯಾನಿನಲ್ಲೇ ಹರಳು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಲಿಖಿತ ವರದಿ ನಾಳೆ ಬೆಳಿಗ್ಗೆ ಸಿಗುತ್ತದೆಂದು ಹೇಳಿ ಫಿಲ್ಮನ್ನು ಮಾತ್ರ ಕೈಗೆ ಕೊಟ್ಟರು.

ನಾಳೆಯವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಮಾಮಾನ ಮಗ ಆ ಫಿಲ್ಮನ್ನು ಹಿಡಿದುಕೊಂಡು ಪರಿಚಯದ ಔಷಧದ ಅಂಗಡಿಯವನ ಹತ್ತಿರ ಹೋದ. ಅವನು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. ಬಲಗಡೆ ಯಕೃತ್ತಿನ ಕೆಳಗೆ ಪೇರಲ ಹಣ್ಣಿನ ಆಕಾರದ ಒಂದು ಚೀಲ ಸುಣ್ಣ ತುಂಬಿದ ಹಾಗೆ ಬೆಳ್ಳಗಿತ್ತು. ‘ಅಣ್ಣಾರ, ಇದು ಪಿತ್ತದ ಚೀಲ. ನೋಡ್ರಿ, ಬರೀ ಹರಳ ತುಂಬ್ಯಾವ. ಕೆಳಗಿನ ಹರಳಿಗಿಂತ ಇದು ಜೋರೈತಿ. ಲಗೂನ ತೆಗೆಸಿಬಿಡ್ರಿ’ ಎಂದ. ಕೇಡು ಬಯಸಿ ಹೇಳಿದ ಮಾತಲ್ಲ ಅದು. ಕಂಡದ್ದನ್ನು ತನಗೆ ತಿಳಿದಷ್ಟು ಹೇಳಿದ, ಅಷ್ಟೆ.

ಆ ರಾತ್ರಿ ಮನೆಯಲ್ಲಿ ಲೆಕ್ಕಾಚಾರ ನಡೆಯಿತು. ಒಂದರ ಬದಲು ಎರಡು ಆಪರೇಷನ್ ಎಂದರೆ ದುಡ್ಡು ಎಲ್ಲಿಂದ ಬರಬೇಕು? ಆ ವರ್ಷದ ಮಣೂಕ, ಅಂದರೆ ಒಣದ್ರಾಕ್ಷಿ, ದರ ಏರಲಿ ಎಂದು ಶೀತಗೃಹದಲ್ಲಿತ್ತು. ‘ಇದ್ದ ದರಕ್ಕ ಮಾರಿಬಿಡ್ತೀನಿ’ ಎಂದು ಮಗ ನಿರ್ಧರಿಸಿಬಿಟ್ಟ. ದಲಾಲರಿಗೆ ಫೋನೂ ಹೋಯಿತು. ಮಾಮಾ ಮಾತ್ರ ಒಂದೇ ಮಾತು ಹೇಳುತ್ತಿದ್ದ: ‘ಸೊಲ್ಲಾಪುರದಾಗ ಫೋಟೋ ತೆಗೆದಾಗ ಪಿತ್ತದ ಮಾತ ಯಾರೂ ಆಡ್ಲಿಲ್ಲಲ್ಲ. ಎರಡ ದಿನದಾಗ ಹರಳ ಹೆಂಗ ತುಂಬಿದ್ವು?’

ಓದು ಬಾರದ ಮನುಷ್ಯ ಕೇಳಿದ ಈ ಪ್ರಶ್ನೆ ವಿಜ್ಞಾನದ ಪ್ರಶ್ನೆಯೇ ಆಗಿತ್ತು. ಮೊನ್ನೆ ಇಲ್ಲದ್ದು ಇಂದು ಬಂದಿದೆ ಎಂದಾದರೆ ಮೊನ್ನೆಗೂ ಇಂದಿಗೂ ನಡುವೆ ಏನಾಯಿತು ಎಂದು ಕೇಳಬೇಕು. ಅದನ್ನು ಮನಸ್ಸಿಗೆ ಹಚ್ಚಿಕೊಂಡವಳು ಅವನ ಮೊಮ್ಮಗಳು. ವಿಜಯಪುರದಲ್ಲಿ ಪಿ.ಯು.ಸಿ. ಎರಡನೆಯ ವರ್ಷದಲ್ಲಿ ವಿಜ್ಞಾನ ಓದುವ ಹುಡುಗಿ. ರಾತ್ರಿಯೇ ಸೊಲ್ಲಾಪುರಕ್ಕೆ ಫೋನು ಮಾಡಿದಳು. ‘ಅತ್ತಿ, ಮುತ್ಯಾನ ಕಾಗದ ಎಲ್ಲಾ ಫೋಟೋ ತೆಗೆದು ಕಳಸು. ಒಂದೂ ಬಿಡಬ್ಯಾಡ’ ಎಂದಳು. ಬಂದ ಚಿತ್ರಗಳನ್ನು ತಾರೀಖಿನ ಪ್ರಕಾರ ಹೊಂದಿಸಿ ಒಂದು ಹಾಳೆಯ ಮೇಲೆ ಬರೆದಿಟ್ಟಳು.

ಗುರುವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ವಿಭಾಗದ ವೈದ್ಯೆ ನಮ್ಮನ್ನು ಒಳಗೆ ಕರೆದರು. ನಾವು ಏನೂ ಹೇಳುವ ಮೊದಲೇ ಅವರು ಕೇಳಿದ್ದು ಇದು: ‘ಇವರಿಗೆ ಎರಡು ಮೂರು ದಿನದಾಗ ಎಲ್ಲಾರ ಡೈ ಹಾಕಿ ಸ್ಕ್ಯಾನ್ ಮಾಡ್ಯಾರೇನ್ರಿ? ಇಲ್ಲಾ ಹೃದಯದ ಆಂಜಿಯೋಗ್ರಾಮ್ ಆಗೇತೇನು?’ ಹುಡುಗಿ ಹಾಳೆಯನ್ನು ಮುಂದಿಟ್ಟಳು. ಸೋಮವಾರ ಸಂಜೆ, ಡೈಯ ಹೆಸರು, ಎಷ್ಟು ಮಿಲಿಲೀಟರ್ ಎಂಬುದೆಲ್ಲ ಅದರಲ್ಲಿತ್ತು. ವೈದ್ಯೆ ನಕ್ಕರು. ‘ಅಂದ್ರ ಇದು ಹರಳಲ್ಲ. ನಿಮ್ಮ ಸೊಲ್ಲಾಪುರದ ಡೈ ಇಲ್ಲಿ ಬಂದು ಕುಂತೈತಿ’ ಎಂದರು. ನಗು ಮುಗಿದ ಮೇಲೆ ಗಂಭೀರವಾಗಿ ಇನ್ನೊಂದು ಮಾತು ಸೇರಿಸಿದರು: ‘ಆದ್ರ ಅದು ಇಲ್ಲಿಗೆ ಯಾಕ ಬಂತು ಅನ್ನೂದನ್ನ ನೋಡಬೇಕು. ಕ್ರಿಯಾಟಿನಿನ್ ರಿಪೋರ್ಟ್ ಬಂದೈತೇನು?’

ಇಲ್ಲಿ ಸ್ವಲ್ಪ ನಿಂತು, ಡೈ ಎಂಬುದರ ವಿಚಾರ ತಿಳಿದುಕೊಳ್ಳೋಣ.

ವಿಲ್‌ಹೆಲ್ಮ್ ರಾಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಆ ಕಿರಣಕ್ಕೆ ಮೂಳೆ ಕಂಡಿತು, ಮಾಂಸ ಮತ್ತು ರಕ್ತ ಕಾಣಲಿಲ್ಲ. ಕಾರಣ ಸರಳವಾದುದು. ಮಾಂಸ, ರಕ್ತಗಳಲ್ಲಿರುವುದು ಬಹುತೇಕ ಜಲಜನಕ, ಇಂಗಾಲ, ಸಾರಜನಕ, ಆಮ್ಲಜನಕ. ಇವುಗಳ ಪರಮಾಣು ಸಂಖ್ಯೆ 1, 6, 7, 8. ಇಂಥ ಹಗುರ ಪರಮಾಣುಗಳ ನಡುವೆ ಕ್ಷ-ಕಿರಣ ಸುಲಭವಾಗಿ ತೂರಿಹೋಗುತ್ತದೆ. ಮೂಳೆಯಲ್ಲಿ ಕ್ಯಾಲ್ಸಿಯಂ ಇದೆ, ಅದರ ಸಂಖ್ಯೆ 20. ಹೀಗಾಗಿ ಅದು ಕಿರಣವನ್ನು ತಡೆದು ಬೆಳ್ಳಗೆ ಕಾಣುತ್ತದೆ. ಅಯೋಡೀನಿನ ಸಂಖ್ಯೆ 53. ಅದನ್ನು ರಕ್ತದಲ್ಲಿ ಬೆರೆಸಿದರೆ ರಕ್ತವೂ ಕಾಣುತ್ತದೆ. ಇಂದಿನ ಡೈಗಳ ತಿರುಳು ಇದೇ: ಇಂಗಾಲದ ಒಂದು ಉಂಗುರ, ಅದಕ್ಕೆ ಬಿಗಿಯಾಗಿ ಅಂಟಿದ ಮೂರು ಅಯೋಡೀನ್ ಪರಮಾಣು.

ಇದರ ಹುಟ್ಟು ಸ್ವಾರಸ್ಯವಾಗಿದೆ. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಸಿಫಿಲಿಸ್ ರೋಗಕ್ಕೆ ಸೋಡಿಯಂ ಅಯೋಡೈಡ್ ಎಂಬ ಔಷಧ ಕೊಡುತ್ತಿದ್ದರು. ಅಂಥ ರೋಗಿಗಳ ಮೂತ್ರಕೋಶ ಕ್ಷ-ಕಿರಣ ಚಿತ್ರದಲ್ಲಿ ಮೂಡುವುದನ್ನು ಆಸ್ಬಾರ್ನ್ ಮತ್ತು ಅವರ ಸಂಗಡಿಗರು ಗಮನಿಸಿ 1923ರಲ್ಲಿ ಪ್ರಕಟಿಸಿದರು. ಔಷಧದ ಅಯೋಡೀನ್ ಮೂತ್ರದಲ್ಲಿ ಹೊರಬರುತ್ತಿತ್ತು, ಬರುವಾಗ ತನ್ನ ದಾರಿಯನ್ನೂ ತೋರಿಸುತ್ತಿತ್ತು. ಆದರೆ ಆ ಲವಣ ಅಷ್ಟು ಸುರಕ್ಷಿತವಾದುದಲ್ಲ. ಅತ್ತ ಜರ್ಮನಿಯಲ್ಲಿ ಬಿನ್ಸ್ ಮತ್ತು ರೇಟ್ ಎಂಬ ರಸಾಯನ ವಿಜ್ಞಾನಿಗಳು ತಯಾರಿಸಿದ ಅಯೋಡೀನ್ ಸಂಯುಕ್ತವೊಂದನ್ನು ಹಸುಗಳ ಕೆಚ್ಚಲು ಬಾವಿಗೆ ಔಷಧವಾಗಿ ಬಳಸುತ್ತಿದ್ದರು. ಆ ಜಾತಿಯ ಸಂಯುಕ್ತಗಳನ್ನು ಮನುಷ್ಯನ ಮೂತ್ರಮಾರ್ಗದ ಚಿತ್ರಕ್ಕೆ ಬಳಸಬಹುದೆಂದು ತೋರಿಸಿದವರು ಅಮೆರಿಕದಿಂದ ಹೋಗಿದ್ದ ತರುಣ ವೈದ್ಯ ಮೋಸೆಸ್ ಸ್ವಿಕ್, 1929ರಲ್ಲಿ. ಕೊಟ್ಟಿಗೆಯ ಔಷಧದ ವಂಶವೇ ಇಂದು ಸ್ಕ್ಯಾನಿಂಗ್ ಕೋಣೆಯಲ್ಲಿದೆ ಎನ್ನಬಹುದು.

ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರದಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಸಾದಾ ಕ್ಷ-ಕಿರಣ ಫಿಲ್ಮಿನಲ್ಲಿ ಗೊತ್ತಾಗದಷ್ಟು ಸಣ್ಣ ಬಿಳುಪಿನ ವ್ಯತ್ಯಾಸವನ್ನೂ ಸಿ.ಟಿ. ಎತ್ತಿ ತೋರಿಸುತ್ತದೆ. ನಮ್ಮ ಕಥೆಗೆ ಈ ಗುಣ ಮುಖ್ಯ.

ಈಗ ಡೈ ಹೊರಬೀಳುವ ಬಗೆ ನೋಡಿ. ಒಬ್ಬ ವಯಸ್ಕನಿಗೆ ಸಾಮಾನ್ಯವಾಗಿ 100 ಮಿಲಿಲೀಟರಿನ ಆಸುಪಾಸಿನಲ್ಲಿ ಡೈ ಕೊಡುತ್ತಾರೆ. ಅದರಲ್ಲಿ ಸುಮಾರು 30 ಗ್ರಾಂ ಅಯೋಡೀನ್ ಇರುತ್ತದೆ. ಊಟದಲ್ಲಿ ನಮಗೆ ದಿನಕ್ಕೆ ಬೇಕಾದ ಅಯೋಡೀನ್ 150 ಮೈಕ್ರೋಗ್ರಾಂ ಮಾತ್ರ. ಲೆಕ್ಕ ಹಾಕಿದರೆ ಎರಡು ಲಕ್ಷ ಪಟ್ಟಾಯಿತು. ಇಷ್ಟನ್ನು ದೇಹ ಸಹಿಸುವುದು ಹೇಗೆ? ಅಯೋಡೀನ್ ಆ ಉಂಗುರಕ್ಕೆ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ, ಮೇಲಾಗಿ ಬಂದ ನೆಂಟ ಬೇಗನೆ ಹೊರಟುಬಿಡುತ್ತಾನೆ. ಈ ಡೈ ನೀರಿನಲ್ಲಿ ಚೆನ್ನಾಗಿ ಕರಗುವಂಥದು, ಸಣ್ಣ ಅಣುವಿನದು, ರಕ್ತದ ಪ್ರೋಟೀನುಗಳಿಗೆ ಅಂಟಿಕೊಳ್ಳದಂಥದು. ಇಂಥದನ್ನು ಸೋಸಿ ಹಾಕುವುದೇ ಮೂತ್ರಪಿಂಡದ ಕಸುಬು.

ನಮ್ಮ ಎರಡು ಮೂತ್ರಪಿಂಡಗಳಲ್ಲಿ ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೋಸುಬುಟ್ಟಿಗಳಿವೆ. ನೆಫ್ರಾನ್ ಎಂದು ಮಕ್ಕಳು ಪಾಠದಲ್ಲಿ ಓದುತ್ತಾರಲ್ಲ, ಅವುಗಳ ಭಾಗ ಇವು. ಎಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಮರಳಿ ಹೀರಿಕೊಂಡು ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಬಿಡುತ್ತವೆ. ಮೂತ್ರಪಿಂಡ ಚೆನ್ನಾಗಿದ್ದರೆ ರಕ್ತದಲ್ಲಿನ ಡೈ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತ ಹೋಗುತ್ತದೆ. ಇಪ್ಪತ್ತನಾಲ್ಕು ಗಂಟೆಯಾಗುವಷ್ಟರಲ್ಲಿ ಬಹುಪಾಲು ಎಲ್ಲ ಖಾಲಿ. ಆದರೂ ಎಲ್ಲೋ ಒಂದೆರಡು ಭಾಗ, ನೂರಕ್ಕೆ ಎರಡಕ್ಕಿಂತಲೂ ಕಡಿಮೆ, ಯಕೃತ್ತಿನ ಕೈಗೆ ಸಿಕ್ಕು ಪಿತ್ತರಸದಲ್ಲಿ ಸೇರುತ್ತದೆ. ಇದು ಎಲ್ಲರಲ್ಲೂ ನಡೆಯುವಂಥದು. ಕಾಣುವುದಿಲ್ಲ, ಅಷ್ಟೆ.

ಯಾವಾಗ ಕಾಣುತ್ತದೆ? ಮೂತ್ರಪಿಂಡ ಸೋತಿದ್ದರೆ, ಇಲ್ಲವೇ ಮೂತ್ರನಾಳ ಕಟ್ಟಿಕೊಂಡಿದ್ದರೆ, ಡೈ ರಕ್ತದಲ್ಲೇ ಹೆಚ್ಚು ಹೊತ್ತು ಸುತ್ತುತ್ತಿರುತ್ತದೆ. ಯಕೃತ್ತಿಗೆ ಅದು ಮತ್ತೆ ಮತ್ತೆ ಎದುರಾಗುತ್ತದೆ. ಪ್ರತಿ ಸುತ್ತಿನಲ್ಲೂ ಯಕೃತ್ತು ಅದನ್ನು ಚೂರು ಚೂರೇ ಎತ್ತಿ ಪಿತ್ತರಸಕ್ಕೆ ಹಾಕುತ್ತದೆ. ಆ ಪಿತ್ತರಸ ಬಂದು ನಿಲ್ಲುವುದು ಪಿತ್ತಕೋಶದಲ್ಲಿ. ಒಂದು ಕಾಲದಲ್ಲಿ ಗಣಿತದ ಟ್ಯಾಂಕಿನ ಲೆಕ್ಕ ಮಾಡಿದವರಿಗೆ ಇದು ಬೇಗ ತಿಳಿಯುತ್ತದೆ: ದೊಡ್ಡ ನಳ ಕಟ್ಟಿದರೆ ಸಣ್ಣ ನಳದ ಪಾಲು ಹೆಚ್ಚುತ್ತದೆ.

ಪಿತ್ತಕೋಶಕ್ಕೆ ಇನ್ನೊಂದು ಗುಣವಿದೆ. ಅದರಲ್ಲಿ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ಆದರೆ ಯಕೃತ್ತು ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸ ತಯಾರಿಸುತ್ತದೆ. ಈ ಸಣ್ಣ ಚೀಲ ತನಗೆ ಬಂದ ಪಿತ್ತರಸದ ನೀರನ್ನು ಹೀರಿ ಅದನ್ನು ಐದು ಪಟ್ಟು, ಹತ್ತು ಪಟ್ಟು ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ನಮ್ಮ ಮಾಮಾನಿಗೆ ಇದನ್ನು ತಿಳಿಸಲು ನನಗೆ ಕಷ್ಟವಾಗಲಿಲ್ಲ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿ ಒಂದು ಕಿಲೋ ಮಣೂಕ ಆಗುತ್ತದೆ. ನೀರು ಹೋಯಿತು, ಸಕ್ಕರೆ ಉಳಿಯಿತು. ಪಿತ್ತಕೋಶದಲ್ಲೂ ನೀರು ಹೋಗಿ ಡೈ ಉಳಿಯುತ್ತದೆ. ಹೀಗೆ ಗಟ್ಟಿಯಾದದ್ದು ಸಿ.ಟಿ.ಯ ಚುರುಕು ಕಣ್ಣಿಗೆ ಬೀಳದೆ ಇರುತ್ತದೆಯೆ?

ಮಾಮಾ ಎರಡು ದಿನ ವಾಂತಿಯಿಂದ ಸರಿಯಾಗಿ ಉಂಡಿರಲಿಲ್ಲ. ಇದೂ ಸೇರಿಕೊಂಡಿತು. ಉಂಡಾಗ, ಅದರಲ್ಲೂ ಎಣ್ಣೆ ತುಪ್ಪ ತಿಂದಾಗ, ಪಿತ್ತಕೋಶ ಹಿಂಡಿಕೊಂಡು ಪಿತ್ತರಸವನ್ನು ಕರುಳಿಗೆ ಸುರಿಯುತ್ತದೆ. ಉಪವಾಸವಿದ್ದಾಗ ತುಂಬಿಕೊಂಡು ಕೂರುತ್ತದೆ. ಇದನ್ನು ಪಿತ್ತಕೋಶದ ಚಿತ್ರ ತೆಗೆಯಲು ಮೊದಲು ಹೊರಟವರೂ ಅನುಭವದಿಂದ ಕಲಿತರು. ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಎವಾರ್ಟ್ಸ್ ಗ್ರಹಾಂ ಮತ್ತು ವಾರನ್ ಕೋಲ್ ಎಂಬ ಶಸ್ತ್ರವೈದ್ಯರು ಪಿತ್ತದ ಮೂಲಕ ಹೊರಬೀಳುವ ಒಂದು ರಾಸಾಯನಿಕವನ್ನು ನಾಯಿಗಳಿಗೆ ಚುಚ್ಚಿ ಚಿತ್ರ ತೆಗೆಯುತ್ತಿದ್ದರು. ಬಹಳ ದಿನ ಏನೂ ಕಾಣಲಿಲ್ಲ. ಕೊನೆಗೊಂದು ನಾಯಿಯ ಪಿತ್ತಕೋಶ ಸ್ಪಷ್ಟವಾಗಿ ಮೂಡಿತು. ವಿಚಾರಿಸಿದರೆ, ಅಂದು ಬೆಳಿಗ್ಗೆ ಅದೊಂದಕ್ಕೆ ತಿನ್ನಲು ಹಾಕಿರಲಿಲ್ಲ! 1924ರಲ್ಲಿ ಅವರು ಈ ವಿಧಾನವನ್ನು ಪ್ರಕಟಿಸಿದರು. ಮುಂದೆ ಅಲ್ಟ್ರಾಸೌಂಡ್ ಬರುವವರೆಗೆ ರಾತ್ರಿ ಗುಳಿಗೆ ನುಂಗಿಸಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪಿತ್ತಕೋಶದ ಚಿತ್ರ ತೆಗೆಯುವುದು ವಾಡಿಕೆಯಾಗಿತ್ತು. ಆಗ ಬೇಕೆಂದೇ ಮಾಡುತ್ತಿದ್ದ ಕೆಲಸ ಮಾಮಾನಲ್ಲಿ ತಾನಾಗಿಯೇ ನಡೆದಿತ್ತು.

ಒಂದು ಅಂಗ ಮಾಡಬೇಕಾದ ವಿಸರ್ಜನೆಯನ್ನು ಇನ್ನೊಂದು ಅಂಗ ಅದರ ಬದಲಿಗೆ ಮಾಡುವ ಇದನ್ನು ವೈದ್ಯರು ‘ವೈಕೇರಿಯಸ್ ಎಕ್ಸ್‌ಕ್ರೀಷನ್’ ಎನ್ನುತ್ತಾರೆ. ಕನ್ನಡದಲ್ಲಿ ಬದಲಿ ವಿಸರ್ಜನೆ ಎನ್ನೋಣ. ಇದು ತಾನೇ ಒಂದು ರೋಗವಲ್ಲ. ಇದಕ್ಕೆ ಚಿಕಿತ್ಸೆಯೂ ಬೇಕಿಲ್ಲ. ಡೈ ಪಿತ್ತದೊಡನೆ ಕರುಳಿಗಿಳಿದು ಮಲದಲ್ಲಿ ಹೊರಟುಹೋಗುತ್ತದೆ. ಆದರೆ ಇದನ್ನು ಬೇರೆ ಏನೋ ಎಂದು ತಿಳಿಯುವ ಅಪಾಯವಿದೆ. ಪಿತ್ತಕೋಶದಲ್ಲಿ ಹರಳು ತುಂಬಿದರೂ ಬೆಳ್ಳಗೆ ಕಾಣಬಹುದು, ರಕ್ತಸ್ರಾವವಾದರೂ ಬೆಳ್ಳಗೆ ಕಾಣಬಹುದು. ಚಿತ್ರ ಒಂದೇ, ಅರ್ಥ ಮೂರು. ಯಾವುದು ನಿಜವೆಂದು ಹೇಳಲು ಚಿತ್ರದ ಆಚೆಗಿನ ಒಂದು ಸಂಗತಿ ಬೇಕು: ಹಿಂದೆ ಡೈ ಕೊಟ್ಟಿದ್ದರೇ, ಕೊಟ್ಟಿದ್ದರೆ ಯಾವಾಗ? ಅದಕ್ಕೇ ಆ ವೈದ್ಯೆ ಫಿಲ್ಮ್ ನೋಡಿದ ಮೇಲೂ ತೀರ್ಪು ಕೊಡದೆ ಪ್ರಶ್ನೆ ಕೇಳಿದರು. ಔಷಧದ ಅಂಗಡಿಯವನಿಗೆ ಕಂಡದ್ದೂ ಅದೇ ಬಿಳುಪು. ಆದರೆ ಅವನು ಪ್ರಶ್ನೆ ಕೇಳಲಿಲ್ಲ.

ಪಿತ್ತಕೋಶ ಬೆಳ್ಳಗಾದ ಮಾತ್ರಕ್ಕೆ ಮೂತ್ರಪಿಂಡ ಕೆಟ್ಟಿದೆ ಎಂದು ಅಂಜಬೇಕಾಗಿಯೂ ಇಲ್ಲ. ಮೂತ್ರಪಿಂಡ ಚೆನ್ನಾಗಿರುವವರಲ್ಲೂ, ಮುಖ್ಯವಾಗಿ ಹೆಚ್ಚು ಪ್ರಮಾಣದ ಡೈ ಪಡೆದವರಲ್ಲಿ, ಮರುದಿನದ ಸಿ.ಟಿ.ಯಲ್ಲಿ ಇದು ಕಂಡದ್ದುಂಟು. ಆದ್ದರಿಂದ ಇದು ತೀರ್ಪಲ್ಲ, ಸೂಚನೆ. ಒಮ್ಮೆ ಮೂತ್ರಪಿಂಡದ ಕಡೆ ನೋಡಿ ಎಂದು ಹೇಳುವ ಸೂಚನೆ.

ಮಾಮಾನ ವಿಷಯದಲ್ಲಿ ಆ ಸೂಚನೆ ಸುಳ್ಳಾಗಲಿಲ್ಲ. ಹರಳು ಸಿಕ್ಕಿಕೊಂಡಿದ್ದ ಎಡ ಮೂತ್ರಪಿಂಡ ಎರಡು ದಿನದ ಮೇಲೂ ಮಸುಕು ಬಿಳುಪಾಗಿ ಉಳಿದಿತ್ತು. ಡೈ ಒಳಗೆ ಹೋಗಿ, ಮುಂದೆ ದಾರಿಯಿಲ್ಲದೆ ನಿಂತಿತ್ತು. ಅದರ ಕಾರಣ ಎಲ್ಲರಿಗೂ ಗೊತ್ತಿತ್ತು. ಆದರೆ ಬಲಗಡೆಯದು ಆರೋಗ್ಯವಾಗಿದ್ದರೆ ಅದೊಂದೇ ಸಾಕಷ್ಟು ಡೈಯನ್ನು ಹೊರಹಾಕಬೇಕಿತ್ತು. ಅಷ್ಟರಲ್ಲಿ ರಕ್ತ ಪರೀಕ್ಷೆಯ ವರದಿ ಬಂತು. ಕ್ರಿಯಾಟಿನಿನ್ 2.4 ಇತ್ತು.

ಕ್ರಿಯಾಟಿನಿನ್ ಎಂದರೆ ಸ್ನಾಯುಗಳು ದುಡಿದಾಗ ಹುಟ್ಟುವ ಕಸ. ಮೂತ್ರಪಿಂಡ ಅದನ್ನು ದಿನವೂ ಗುಡಿಸಿ ಹಾಕುತ್ತದೆ. ಗಂಡಸರ ರಕ್ತದಲ್ಲಿ ಅದು ಸಾಮಾನ್ಯವಾಗಿ 1.3ರೊಳಗೆ ಇರಬೇಕು. ಹೆಚ್ಚಾದರೆ ಗುಡಿಸುವವರು ಸೋತಿದ್ದಾರೆ ಎಂದರ್ಥ. ಒಂದು ಕಡೆ ಹರಳು ಸಿಕ್ಕಿಕೊಂಡದ್ದರಿಂದ ಮಾತ್ರ ಇಷ್ಟು ಏರಬಾರದು ಎಂದು ಮೂತ್ರರೋಗದ ವೈದ್ಯರು ಹೇಳಿದರು. ಮೊದಲು ಹರಳಿನ ಕೆಲಸ ಮುಗಿಸಿದರು. ಹೊಟ್ಟೆ ಕೊಯ್ಯದೆ ಮೂತ್ರದ ದಾರಿಯಿಂದಲೇ ದುರ್ಬೀನು ಹಾಕಿ ಅದನ್ನು ಒಡೆದು ತೆಗೆದರು. ಆಮೇಲೆ ಮಾಮಾನನ್ನು ಎದುರಿಗೆ ಕೂರಿಸಿಕೊಂಡು, ‘ದಿನಾ ಏನೇನು ಗುಳಿಗೆ ನುಂಗ್ತೀರಿ?’ ಎಂದು ಕೇಳಿದರು.

ಮಾಮಾ ಏನೂ ಇಲ್ಲ ಎಂದ. ಬಿ.ಪಿ. ಇಲ್ಲ, ಸಕ್ಕರೆ ಕಾಯಿಲೆ ಇಲ್ಲ ಎಂದ. ಮೊಮ್ಮಗಳು ನಡುವೆ ಬಾಯಿ ಹಾಕಿದಳು: ‘ಮುತ್ಯಾ, ಮೊಣಕಾಲ ನೋವಿಗೆ ತಗೊಳ್ತಿಯಲ್ಲ?’ ‘ಅದು ಗುಳಿಗಿ ಏನ ಆತವಾ? ನೋವಿಂದು ಅದು’ ಎಂದ ಮಾಮಾ.

ಸಂಗತಿ ಹೊರಬಿದ್ದದ್ದು ಹೀಗೆ. ದ್ರಾಕ್ಷಿ ಪಡದಲ್ಲಿ ವರ್ಷಕ್ಕೆರಡು ಸಲ, ಏಪ್ರಿಲ್ಲಿನಲ್ಲಿ ಮತ್ತು ಅಕ್ಟೋಬರಿನಲ್ಲಿ, ಬಳ್ಳಿ ಸವರುವ ಕೆಲಸ. ನಮ್ಮ ಕಡೆ ಅದಕ್ಕೆ ಚಾಟ್ನಿ ಎನ್ನುತ್ತಾರೆ. ದಿನವಿಡೀ ನಿಂತೇ ಇರಬೇಕು. ಮಾಮಾನಿಗೆ ಆರೇಳು ವರ್ಷಗಳಿಂದ ಮೊಣಕಾಲು ನೋವು. ಯಾವುದೋ ಕಾಲದಲ್ಲಿ ವೈದ್ಯರೊಬ್ಬರು ಐದು ದಿನಕ್ಕೆಂದು ಬರೆದುಕೊಟ್ಟ ಡೈಕ್ಲೊಫೆನಾಕ್ ಗುಳಿಗೆಯನ್ನು ಅಂಗಡಿಯಿಂದ ತಾನೇ ತಂದು ನುಂಗುತ್ತ ಬಂದಿದ್ದ. ಚಾಟ್ನಿಯ ದಿನಗಳಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು. ಈ ಜಾತಿಯ ನೋವಿನ ಗುಳಿಗೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕಡಿಮೆ ಮಾಡುತ್ತವೆ. ವೈದ್ಯರು ಹೇಳಿದಷ್ಟು ದಿನ ತೆಗೆದುಕೊಂಡರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಮೈಯಲ್ಲಿ ನೀರು ಆರಿರುವಾಗ, ವಯಸ್ಸಾದವರು, ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡ ಸದ್ದಿಲ್ಲದೆ ಸೊರಗುತ್ತದೆ. ನೋವು ಕೊಡದೆ ಕೆಡುವ ಅಂಗ ಅದು.

ಗುಳಿಗೆ ನಿಂತಿತು. ಮೊಣಕಾಲಿಗೆ ಬೇರೆ ವ್ಯವಸ್ಥೆಯಾಯಿತು. ಮೂರು ತಿಂಗಳ ಮೇಲೆ ಕ್ರಿಯಾಟಿನಿನ್ 1.5ಕ್ಕೆ ಇಳಿದು ಅಲ್ಲಿ ನಿಂತಿದೆ. ಪೂರ್ತಿ ಮೊದಲಿನ ಹಾಗೆ ಆಗಲಿಲ್ಲ, ಆಗಲಿಕ್ಕೂ ಇಲ್ಲ ಎಂದು ವೈದ್ಯರು ಹೇಳಿದ್ದಾರೆ. ಆದರೆ ಇನ್ನೂ ಐದಾರು ವರ್ಷ ಹೀಗೇ ನಡೆದಿದ್ದರೆ ಡಯಾಲಿಸಿಸ್ಸಿನ ಮಾತು ಬರುತ್ತಿತ್ತೇನೋ. ಪಿತ್ತಕೋಶ ಮಾತ್ರ ಇದ್ದಲ್ಲೇ ಇದೆ. ಬಿಡುಗಡೆಯ ಮೊದಲು ಮಾಡಿದ ಅಲ್ಟ್ರಾಸೌಂಡಿನಲ್ಲಿ ಅದರೊಳಗೆ ಒಂದು ಹರಳೂ ಕಾಣಲಿಲ್ಲ. ದಲಾಲನಿಗೆ ಮಾಡಿದ ಫೋನನ್ನು ಮಗ ವಾಪಸು ತೆಗೆದುಕೊಂಡ.

ತಂದೆತಾಯಿಗಳೇ, ಈ ಪ್ರಸಂಗದಿಂದ ನಾವು ಮನೆಯಲ್ಲಿ ಕೆಲವು ರೂಢಿಗಳನ್ನು ಮಾಡಿಕೊಂಡಿದ್ದೇವೆ. ನಿಮಗೂ ಬೇಕಾದೀತು. ಸ್ಕ್ಯಾನ್ ಆದಾಗ ‘ಡೈ ಕೊಟ್ಟರೇ, ಇಲ್ಲವೇ’ ಎಂದು ಕೇಳಿ ತಿಳಿದುಕೊಳ್ಳಿ. ಕೊಟ್ಟಿದ್ದರೆ ಅದರ ಹೆಸರು, ಪ್ರಮಾಣ, ತಾರೀಖು, ಹೊತ್ತು ಬರೆದಿಡಿ. ಕೆಲವೇ ದಿನಗಳಲ್ಲಿ ಇನ್ನೊಂದು ಸ್ಕ್ಯಾನ್ ಆಗುವುದಾದರೆ, ಬೇರೆ ಊರಾಗಲಿ ಬೇರೆ ಆಸ್ಪತ್ರೆಯಾಗಲಿ, ಅದನ್ನು ಮೊದಲು ಹೇಳಿ. ಹೃದಯದ ಆಂಜಿಯೋಗ್ರಾಮ್‌ನಲ್ಲೂ ಕೊಡುವುದು ಇದೇ ಜಾತಿಯ ಡೈ ಎಂಬುದು ನೆನಪಿರಲಿ. ಹಳೆಯ ಫಿಲ್ಮು, ಸಿ.ಡಿ., ವರದಿಗಳನ್ನು ಒಯ್ಯಿರಿ. ಹಳೆಯ ಚಿತ್ರ ಕೈಗೆ ಸಿಕ್ಕರೆ ಎಷ್ಟೋ ಸಲ ಹೊಸ ಸ್ಕ್ಯಾನೇ ಬೇಕಾಗುವುದಿಲ್ಲ. ಕ್ಷ-ಕಿರಣವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ಡೈ ಕೊಡುವ ಮೊದಲು ಹೇಳಬೇಕಾದ ಮಾತುಗಳೂ ಇವೆ. ಮೂತ್ರಪಿಂಡದ ತೊಂದರೆ ಇದ್ದರೆ, ಒಂದೇ ಮೂತ್ರಪಿಂಡವಿದ್ದರೆ, ಹಿಂದೆ ಡೈಯಿಂದ ಮೈ ತುರಿಕೆ, ದದ್ದು, ಉಬ್ಬಸ ಆಗಿದ್ದರೆ, ಥೈರಾಯಿಡ್ ತೊಂದರೆ ಇದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ನೋವಿನ ಗುಳಿಗೆಯೂ ಗುಳಿಗೆಯೇ. ಅದನ್ನೂ ಹೇಳಿ. ಚುಚ್ಚಿದ ಕ್ಷಣ ಮೈಯೆಲ್ಲ ಬಿಸಿಯಾದಂತೆ, ಬಾಯಲ್ಲಿ ಕಬ್ಬಿಣ ಇಟ್ಟಂತೆ, ಬಟ್ಟೆಯಲ್ಲೇ ಮೂತ್ರವಾಯಿತೇನೋ ಎಂಬಂತೆ ಅನ್ನಿಸುವುದು ಸಹಜ, ಒಂದೆರಡು ನಿಮಿಷದಲ್ಲಿ ಹೋಗುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿದರೆ ಅವರು ಅಂಜುವುದಿಲ್ಲ. ಅವರಿಗೆ ಡೈಯ ಪ್ರಮಾಣವನ್ನು ತೂಕ ನೋಡಿ ನಿರ್ಧರಿಸುತ್ತಾರೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಪುಸ್ತಕದಲ್ಲಿ ಮೂತ್ರಪಿಂಡ ಒಂದು ಪಾಠ, ಯಕೃತ್ತು ಇನ್ನೊಂದು ಪಾಠ. ಪರೀಕ್ಷೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬರೆಯುತ್ತೀರಿ. ದೇಹದಲ್ಲಿ ಆ ಗೋಡೆ ಇಲ್ಲ. ಒಂದೇ ರಕ್ತ ಎರಡೂ ಕಡೆ ಸುತ್ತುತ್ತದೆ, ಒಂದರ ಸಂಕಟ ಇನ್ನೊಂದರಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಎಡಪಕ್ಕೆಯ ತೊಂದರೆ ಬಲಪಕ್ಕೆಯಲ್ಲಿ ಬೆಳ್ಳಗೆ ಮೂಡಿತು. ಆಸ್ಬಾರ್ನ್ ಆಗಲಿ ಕೋಲ್ ಆಗಲಿ ಹೊಸದನ್ನು ಕಂಡದ್ದು ‘ಇದು ಇಲ್ಲಿಗೆ ಹೇಗೆ ಬಂತು?’ ಎಂದು ಕೇಳಿದ್ದರಿಂದ. ಮಾಮಾ ಆ ರಾತ್ರಿ ಕೇಳಿದ್ದೂ ಅದನ್ನೇ.

ಮೊಮ್ಮಗಳು ಆ ಹಾಳೆಯನ್ನು ಎಸೆಯಲಿಲ್ಲ. ಒಂದು ಫೈಲಿನ ಮೊದಲ ಪುಟಕ್ಕೆ ಅಂಟಿಸಿ, ಅದರ ಕೆಳಗೆ ಪ್ರತಿ ಸಲದ ಕ್ರಿಯಾಟಿನಿನ್ನನ್ನು ತಾರೀಖು ಹಾಕಿ ಬರೆಯುತ್ತ ಬಂದಿದ್ದಾಳೆ. ಮಾಮಾನಿಗೆ ಆ ಅಂಕಿಗಳನ್ನು ಓದಲು ಬರುವುದಿಲ್ಲ. ಆದರೂ ಆಸ್ಪತ್ರೆಗೆ ಹೊರಟಾಗ ನೀರಿನ ಬಾಟಲಿಯ ಜೊತೆಗೆ ಆ ಫೈಲನ್ನೂ ಚೀಲದಲ್ಲಿ ಇಟ್ಟುಕೊಳ್ಳುತ್ತಾನೆ.